ಬೇಸಿಗೆ ಶಿಬಿರ, ಹಳೇ ಕಾಲದ ಪಿಯಾನೋ ಮತ್ತು ನನ್ನ ವೀಣೆ ಕಿವಿ

ಈ ಸಲದ ಬೇಸಿಗೆ ರಜೆಯಲ್ಲಿ ನಾನು ಮಕ್ಕಳಿಗೆ ಪಾಠ ಮಾಡಲಿಲ್ಲ. ನಾನೇ ಪಾಠಕ್ಕೆ ಹೋದೆ. ಮೈಸೂರಿನ ಸರಸ್ವತಿಪುರಂನಿಂದ ಸ್ಕೂಟರಿನಲ್ಲಿ ಹೊರಟರೆ ಯಾದವಗಿರಿ ಏನೂ ದೂರವಲ್ಲ. ಅಲ್ಲಿ ಒಂದು ಹಂಚಿನ ಮನೆ. ಅದರ ಹಜಾರದಲ್ಲಿ 1780ರ ದಶಕದ ವಿಯೆನ್ನಾ ಮಾದರಿಯ ಪಿಯಾನೋ ಇದೆ. ಅಸಲಿ ಅಲ್ಲ, ಪ್ರತಿ. 18ನೇ ಶತಮಾನದ ಸಂಗೀತಗಾರ ಮೊಜಾರ್ಟ್ ಮನೆಯಲ್ಲಿದ್ದ ಪಿಯಾನೋ ಮಾಡಿದ ಆಂಟನ್ ವಾಲ್ಟರ್ ಅವರ ವಾದ್ಯಗಳ ಅಳತೆ ಹಿಡಿದು ಮಾಡಿದ್ದು.

ಮನೆಯ ಯಜಮಾನರು ಜರ್ಮನಿಯಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಬಿಡಿಭಾಗ ತರಿಸಿಕೊಂಡು ತಾವೇ ಕೂತು ಜೋಡಿಸಿದರು. ನಾವೆಲ್ಲ ಅವರನ್ನು ಮೇಷ್ಟ್ರೇ ಅನ್ನುತ್ತಿದ್ದೆವು. ನುಡಿಸುವ ಪಾಠ ಹೇಳಿಕೊಟ್ಟಿದ್ದು ಅವರ ತಂಗಿಯ ಮಗಳು. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಈ ವಾದ್ಯವನ್ನೇ ಕಲಿತು ಬಂದ ಹುಡುಗಿ. ನನಗಿಂತ ತುಂಬಾ ಚಿಕ್ಕವಳು. ಅವಳು ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ನಾನು ಪಾಠದ ಹೊತ್ತಿನಲ್ಲಿ ಮೇಡಂ ಅನ್ನುತ್ತಿದ್ದೆ, ಕಾಫಿ ಹೊತ್ತಿನಲ್ಲಿ ಪುಟ್ಟಿ ಅನ್ನುತ್ತಿದ್ದೆ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ಮುಂದಿನದು ಪೂರ್ತಿ ಅರ್ಥವಾಗುವುದಿಲ್ಲ. ನಾನು ಚಿಕ್ಕಂದಿನಲ್ಲಿ ಅಜ್ಜಿ ಹತ್ತಿರ ವೀಣೆ ಕಲಿತೆ. ಪಿಯಾನೋ ಆಮೇಲೆ ಬಂತು. ಗ್ರೇಡ್ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿ ಈಗ ಮನೆಯಲ್ಲೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಎರಡೂ ವಾದ್ಯ ನುಡಿಸುತ್ತಿದ್ದೆ, ಆದರೆ ಒಂದಕ್ಕೊಂದು ಏನಾದರೂ ಸಂಬಂಧ ಇದೆ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಆ ಸಂಬಂಧ ಈ ಶಿಬಿರದಲ್ಲಿ ಸಿಕ್ಕಿತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಾದ್ಯ ಹೇಗಿದೆ ಅಂತ ಹೇಳುತ್ತೇನೆ. ನೋಡಿದ ತಕ್ಷಣ ಗಮನಕ್ಕೆ ಬರುವುದು ಬಣ್ಣ. ನಮ್ಮ ಪಿಯಾನೋದಲ್ಲಿ ಬಿಳಿ ಇರುವ ಕಡೆ ಇಲ್ಲಿ ಕಪ್ಪು, ಕಪ್ಪು ಇರುವ ಕಡೆ ಬಿಳಿ. ಕೀಗಳು 61, ಅಂದರೆ ಐದು ಸ್ಥಾಯಿ. ಈಗಿನ ಪಿಯಾನೋದಲ್ಲಿ 88. ಒಳಗೆ ಕಬ್ಬಿಣದ ಚೌಕಟ್ಟು ಇಲ್ಲ, ಪೂರ್ತಿ ಮರ. ಈಗಿನ ದೊಡ್ಡ ಪಿಯಾನೋದಲ್ಲಿ ತಂತಿಗಳ ಬಿಗಿತವೆಲ್ಲ ಸೇರಿದರೆ ಸುಮಾರು 20 ಟನ್ ಆಗುತ್ತದೆ. ಅದನ್ನು ತಡೆಯೋಕೆ ಎರಕದ ಕಬ್ಬಿಣ ಬೇಕೇ ಬೇಕು. ಇಲ್ಲಿ ತಂತಿ ತೆಳು, ಬಿಗಿತವೂ ಕಡಿಮೆ. ದೊಡ್ಡ ಕಛೇರಿ ಪಿಯಾನೋ 480 ಕಿಲೋ ಹತ್ತಿರ ತೂಗುತ್ತದೆ. ಇದನ್ನು ಕಾಲು ಬಿಚ್ಚಿ ಮೂರು ಜನ ಎತ್ತಿಕೊಂಡು ಪಕ್ಕದ ಕೋಣೆಗೆ ಸಾಗಿಸಿದ್ದನ್ನು ನಾನೇ ನೋಡಿದೆ. ಆವತ್ತು ಜೋರು ಮಳೆಗೆ ಹಂಚು ಸೋರಿತ್ತು.

ಕಾಲಿಗೆ ಪೆಡಲ್ ಇಲ್ಲ. ಕೀಗಳ ಕೆಳಗೆ ಎರಡು ಮರದ ಪಟ್ಟಿ ಇವೆ, ಅವನ್ನು ಮೊಣಕಾಲಿನಿಂದ ಮೇಲಕ್ಕೆ ಒತ್ತಬೇಕು. ಒಂದನ್ನು ಒತ್ತಿದರೆ ನಾದ ನಿಲ್ಲಿಸುವ ಡ್ಯಾಂಪರ್‌ಗಳೆಲ್ಲ ತಂತಿಯಿಂದ ಮೇಲೇಳುತ್ತವೆ. ಇನ್ನೊಂದನ್ನು ಒತ್ತಿದರೆ ತಂತಿಗೆ ಹೊಡೆಯುವ ಸುತ್ತಿಗೆಗೂ ತಂತಿಗೂ ನಡುವೆ ಒಂದು ಬಟ್ಟೆಯ ಪಟ್ಟಿ ಬರುತ್ತದೆ. ಅದಕ್ಕೆ ಮಾಡರೇಟರ್ ಅನ್ನುತ್ತಾರೆ. ಅದನ್ನು ಹಾಕಿ ನುಡಿಸಿದರೆ ಬರುವ ಮೆತ್ತನೆ ನಾದ ಈಗಿನ ಯಾವ ಪಿಯಾನೋದಲ್ಲೂ ನನಗೆ ಸಿಕ್ಕಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರು ಮುಂದಿನ ಪಟ್ಟಿ ತೆಗೆದು, ಕೀಗಳ ಸಮೇತ ಇಡೀ ಯಂತ್ರವನ್ನು ಹೊರಗೆ ಎಳೆದು ಊಟದ ಮೇಜಿನ ಮೇಲೆ ಇಟ್ಟರು. "ಬನ್ರಮ್ಮ, ಮೊದಲು ಇದನ್ನ ನೋಡಿ. ಆಮೇಲೆ ನುಡಿಸೋರಂತೆ" ಅಂದರು. ಒಂದು ಕೀಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಕೀಯ ಹಿಂತುದಿಯಲ್ಲಿ ಹಿತ್ತಾಳೆಯ ಸಣ್ಣ ಕವೆ. ಸುತ್ತಿಗೆ ಆ ಕವೆಯಲ್ಲೇ ಕೂತಿದೆ. ಅದರ ತಲೆ ನುಡಿಸುವವರ ಕಡೆಗೆ ತಿರುಗಿದೆ. ಪುಟ್ಟ ತಲೆ, ಮೇಲೆ ಚರ್ಮದ ಹೊದಿಕೆ. ಹಿಂದುಗಡೆ ಒಂದು ಕೊಕ್ಕು. ಕೀ ಒತ್ತಿದಾಗ ಹಿಂತುದಿ ಮೇಲೇಳುತ್ತದೆ. ಕೊಕ್ಕು ಹಿಂದಿರುವ ಒಂದು ಕಡ್ಡಿಯ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ತಲೆ ಚಿಮ್ಮಿ ತಂತಿಗೆ ಹೊಡೆಯುತ್ತದೆ. ಅಷ್ಟರಲ್ಲಿ ಕಡ್ಡಿ ಹಿಂದಕ್ಕೆ ಬಾಗಿ ಕೊಕ್ಕನ್ನು ಬಿಟ್ಟುಬಿಡುತ್ತದೆ. ಬಿಡದಿದ್ದರೆ ಸುತ್ತಿಗೆ ತಂತಿಗೆ ಅಂಟಿಕೊಂಡು ನಾದವೇ ಸಾಯುತ್ತಿತ್ತು. ಮೇಷ್ಟ್ರು ಬೆರಳಿನಿಂದ ಕೀಯನ್ನು ನಿಧಾನವಾಗಿ ಒತ್ತಿ, ಕೊಕ್ಕು ಕಚ್ಚಿನಿಂದ ಜಾರುವ ಜಾಗವನ್ನು ನನಗೆ ಮತ್ತೆ ಮತ್ತೆ ತೋರಿಸಿದರು. ಅದು ಬೆರಳಿಗೂ ಗೊತ್ತಾಗುತ್ತದೆ, ಒಂದು ಸಣ್ಣ ತಡೆ ಬಂದು ಹೋದ ಹಾಗೆ.

ಇಷ್ಟೇ. ಬೆರಳಿಗೂ ತಂತಿಗೂ ನಡುವೆ ಬೇರೇನೂ ಇಲ್ಲ. ಅದೇ ಕಾಲದ ಇಂಗ್ಲಿಷ್ ಪಿಯಾನೋಗಳಲ್ಲಿ ಸುತ್ತಿಗೆಗಳು ಕೀಯ ಮೇಲೆ ಇರಲಿಲ್ಲ, ಬೇರೆ ಪಟ್ಟಿಗೆ ಜೋಡಿಸಿದ್ದರು. ಈಗಿನ ಪಿಯಾನೋಗಳು ಆ ಇಂಗ್ಲಿಷ್ ವಂಶದವು. ಪ್ಯಾರಿಸ್ಸಿನ ಎರಾರ್ 1821ರಲ್ಲಿ ಅದಕ್ಕೆ ಇನ್ನಷ್ಟು ಭಾಗ ಸೇರಿಸಿದರು, ಒಂದೇ ಕೀಯನ್ನು ಪೂರ್ತಿ ಮೇಲೆ ಬಿಡದೆ ಮತ್ತೆ ನುಡಿಸುವ ಹಾಗೆ ಮಾಡಿದರು. ವಿಯೆನ್ನಾದ ಈ ಹಗುರ ಯಂತ್ರ ನಿಧಾನವಾಗಿ ಮರೆಗೆ ಸರಿಯಿತು.

ಕೀ ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದೂ ಮುಖ್ಯ. ಈಗಿನ ಪಿಯಾನೋದಲ್ಲಿ ಸುಮಾರು 10 ಮಿಲಿಮೀಟರ್. ಇಲ್ಲಿ ಅದರ ಅರ್ಧ. ತೂಕವೂ ಹಾಗೇ ಕಡಿಮೆ. ತೋಳಿನ ಭಾರ ಹಾಕಿ ನುಡಿಸುವ ಅಭ್ಯಾಸ ಇರುವವರು ಕೈಯಿಟ್ಟರೆ ತಂತಿ ಕಿರುಚುತ್ತದೆ. "ಅಕ್ಕಾ, ತೋಳು ಬಿಟ್ಟುಬಿಡಿ, ಬರೀ ಬೆರಳಲ್ಲಿ ನುಡಿಸಿ. ನುಡಿಸಿ ಸುಮ್ನೆ ಕೇಳಿ" ಅಂದಳು ಪುಟ್ಟಿ. ಒಂದು ಸ್ವರ ನುಡಿಸಿದೆ. ಶುರುವಿನಲ್ಲಿ ಸ್ಪಷ್ಟವಾದ ಒಂದು ಅಕ್ಷರ ಕೇಳಿಸುತ್ತದೆ. ಆಮೇಲೆ ನಾದ ಬೇಗ ಇಳಿಯುತ್ತದೆ. ಈಗಿನ ಪಿಯಾನೋದಲ್ಲಿ ಅದೇ ಸ್ವರ ಎಷ್ಟೋ ಹೊತ್ತು ನಿಲ್ಲುತ್ತದೆ. ಇಲ್ಲಿ ನಿಲ್ಲುವುದಿಲ್ಲ.

ನನಗೆ ಆ ಕ್ಷಣಕ್ಕೆ ಅಜ್ಜಿಯ ವೀಣೆ ನೆನಪಾಯಿತು. ವೀಣೆಯಲ್ಲಿ ಮೀಟಿದ ತಕ್ಷಣ ನಾದ ಇಳಿಯುವುದಕ್ಕೆ ಶುರುವಾಗುತ್ತದೆ. ಉಸಿರಿನಿಂದ ತುಂಬುವ ಕೊಳಲಲ್ಲ, ಕಮಾನಿನಿಂದ ಎಳೆಯುವ ಪಿಟೀಲಲ್ಲ. ವೈಣಿಕರ ಬುದ್ಧಿಯೆಲ್ಲ ಇರುವುದು ಆ ಇಳಿಯುವ ನಾದದಲ್ಲಿ. ಅದರಲ್ಲಿ ಎಷ್ಟು ಗಮಕ ಎಳೆಯಬಹುದು, ಯಾವಾಗ ಮತ್ತೆ ಮೀಟಬೇಕು, ಸಾಹಿತ್ಯದ ಯಾವ ಅಕ್ಷರಕ್ಕೆ ಮೀಟು ಬೀಳಬೇಕು, ಯಾವುದನ್ನು ಮೀಟದೇ ಬಿಡಬೇಕು. ಅಜ್ಜಿ ಪ್ರತಿ ಪಾಠದಲ್ಲೂ ಹೇಳುತ್ತಿದ್ದದ್ದು ಒಂದೇ: "ಮೀಟೋದು ಕಡಿಮೆ ಮಾಡು, ಕೇಳೋದು ಜಾಸ್ತಿ ಮಾಡು." ಪಿಯಾನೋ ಮುಂದೆ ಕೂತಾಗ ಆ ಮಾತು ನನಗೆ ಬೇಕಾಗಿರಲೇ ಇಲ್ಲ. ಈ ಪಿಯಾನೋ ಮುಂದೆ ಬೇಕಾಯಿತು.

ಮೊಜಾರ್ಟ್ ಬರೆದ ಸ್ವರಗಳ ಮೇಲೆ ಪುಟ್ಟ ಪುಟ್ಟ ಕಮಾನು ಗೆರೆಗಳು ಇರುತ್ತವೆ. ಎರಡು ಸ್ವರಕ್ಕೆ ಒಂದು, ನಾಲ್ಕಕ್ಕೆ ಒಂದು. ನಾವು ಅವುಗಳನ್ನು ನೋಡಿಯೂ ನೋಡದ ಹಾಗೆ ಉದ್ದಕ್ಕೆ ಹರಿಯುವಂತೆ ನುಡಿಸುತ್ತೇವೆ. ಉದ್ದ ಉದ್ದ ಗೆರೆ ಎಳೆದುಬಿಟ್ಟ ಹಳೇ ಮುದ್ರಣಗಳೂ ಇವೆ. ಮೊಜಾರ್ಟ್ ಅಪ್ಪ ಲಿಯೊಪೋಲ್ಡ್ 1756ರಲ್ಲಿ ಪ್ರಕಟಿಸಿದ ಪಿಟೀಲು ಪಾಠದ ಪುಸ್ತಕದಲ್ಲಿ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿದ್ದಾರೆ. ಒಂದು ಗೆರೆಯ ಕೆಳಗಿನ ಮೊದಲ ಸ್ವರಕ್ಕೆ ಒತ್ತು ಇರಬೇಕು, ಉಳಿದವು ಅದಕ್ಕೆ ಮೆಲ್ಲಗೆ ಅಂಟಿಕೊಂಡು ಬರಬೇಕು. ಒಂದು ಮೀಟಿನಲ್ಲಿ ಎರಡು ಸ್ವರ ಎಳೆಯುವ ಕೈಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯದು ಮೀಟು, ಎರಡನೆಯದು ಆ ಮೀಟಿನ ಉಳಿಕೆ. ಅಷ್ಟೇ ಅಲ್ವಾ?

ಪುಟ್ಟಿ ನನಗೆ ಕೊಟ್ಟಿದ್ದು ಮೊಜಾರ್ಟ್‌ನ ಡಿ ಮೈನರ್ ಫ್ಯಾಂಟಸಿ, ಕೆ. 397 (ಅವರ ಕೃತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ). ಅದು ತಾಳಕ್ಕೆ ಕಟ್ಟಿಹಾಕದ ಹಾಗೆ ಕೆಳಗಿನಿಂದ ಬಿಡಿಸಿಕೊಂಡು ಏಳುವ ಸ್ವರಗಳಿಂದ ಶುರುವಾಗುತ್ತದೆ. ಆಮೇಲೆ ನಿಧಾನದ ಭಾಗ ಬರುತ್ತದೆ. ಅದರಲ್ಲಿ ನಿಟ್ಟುಸಿರಿನಂಥ ಜೋಡಿ ಸ್ವರಗಳು, ನಡುನಡುವೆ ಖಾಲಿ ಜಾಗ. ಮನೆಯ ಪಿಯಾನೋದಲ್ಲಿ ಆ ಖಾಲಿ ಜಾಗವನ್ನು ನಾನು ಎಣಿಸಿ ದಾಟುತ್ತಿದ್ದೆ. ಯಾದವಗಿರಿಯಲ್ಲಿ ಎಣಿಸಬೇಕಾಗಲಿಲ್ಲ. ಸ್ವರ ತಾನಾಗಿಯೇ ಇಳಿದು ಮುಗಿಯುತ್ತದೆ, ಮುಗಿದದ್ದು ಕಿವಿಗೆ ಗೊತ್ತಾಗುತ್ತದೆ, ಆಗ ಮುಂದಿನದು ಬರುತ್ತದೆ. ಆ ಖಾಲಿ ಜಾಗ ಬರೆದವರಿಗೆ ಈ ವಾದ್ಯ ಗೊತ್ತಿತ್ತು.

ಅದಕ್ಕೇ ನನಗೆ ಒಂದು ವಿಷಯದಲ್ಲಿ ಗಟ್ಟಿ ಅಭಿಪ್ರಾಯ ಇದೆ. ಹಳೇ ಪಿಯಾನೋ ಅಂದರೆ ಈಗಿನ ಪಿಯಾನೋದ ಅರೆಬೆಂದ ರೂಪ ಅನ್ನುವ ಮಾತು ತಪ್ಪು. ಫ್ಲಾರೆನ್ಸ್‌ನ ಮೆಡಿಚಿ ಮನೆತನದ ವಾದ್ಯಗಳ 1700ರ ಪಟ್ಟಿಯಲ್ಲೇ ಪಿಯಾನೋವನ್ನು ಮೊದಲು ಮಾಡಿದ ಬಾರ್ತೊಲೊಮಿಯೊ ಕ್ರಿಸ್ತೊಫೊರಿಯವರ ಪಿಯಾನೋ ನಮೂದಾಗಿದೆ. ಅವರು ಮಾಡಿದವುಗಳಲ್ಲಿ ಮೂರು ಇವತ್ತಿಗೂ ಉಳಿದಿವೆ. 1720ರದ್ದು ನ್ಯೂಯಾರ್ಕಿನಲ್ಲಿ, 1722ರದ್ದು ರೋಮಿನಲ್ಲಿ, 1726ರದ್ದು ಲೈಪ್‌ಜಿಗ್‌ನಲ್ಲಿ. ಸುತ್ತಿಗೆ ಹೊಡೆದು ತಪ್ಪಿಸಿಕೊಳ್ಳುವ ಯುಕ್ತಿ ಅವುಗಳಲ್ಲೇ ಇದೆ. ಅಲ್ಲಿಂದ ಮುಂದೆ ಬದಲಾದದ್ದು ಬೇಕಾದ ಗಾತ್ರ ಮತ್ತು ಜೋರು. ಕೇಳುವವರು ಜಾಸ್ತಿಯಾದರು, ಸಭಾಂಗಣ ದೊಡ್ಡದಾಯಿತು. 1825ರಲ್ಲಿ ಬಾಸ್ಟನ್ನಿನಲ್ಲಿ ಆಲ್ಫಿಯಸ್ ಬ್ಯಾಬ್‌ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದರು. ಸುತ್ತಿಗೆಗೆ ಚರ್ಮ ಹೋಗಿ ಒತ್ತಿದ ಉಣ್ಣೆಯ ಫೆಲ್ಟ್ ಬಂತು. 1859ರಲ್ಲಿ ಸ್ಟೈನ್‌ವೇ ದೊಡ್ಡ ಪಿಯಾನೋದಲ್ಲಿ ತಂತಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿದರು. ಇದರಿಂದ ಸಿಕ್ಕಿದ್ದು ದೊಡ್ಡದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕೆಳ ಸ್ಥಾಯಿಯ ಸ್ವರಗುಚ್ಛ ಬಿಡಿ ಬಿಡಿಯಾಗಿ ಕೇಳುವ ಸ್ಪಷ್ಟತೆ ಹೋಯಿತು. ಮೇಲಿನ ಸ್ಥಾಯಿಗೆ ಒಂದು ದನಿ, ನಡುವೆ ಒಂದು, ಕೆಳಗೆ ಇನ್ನೊಂದು ಅನ್ನುವ ಬೇರೆ ಬೇರೆ ಬಣ್ಣವೂ ಹೋಯಿತು.

ಬೀಥೊವನ್ನರ 'ಮೂನ್‌ಲೈಟ್' ಸೊನಾಟಾ ಎಲ್ಲರೂ ಕೇಳಿರುತ್ತೀರಿ. ಅದು ಅಚ್ಚಾದದ್ದು 1802ರಲ್ಲಿ. ಅದರ ಮೊದಲ ಭಾಗ ಪೂರ್ತಿ ಡ್ಯಾಂಪರ್ ಎತ್ತಿಕೊಂಡೇ ನುಡಿಸಬೇಕು ಅಂತ ಅವರೇ ಬರೆದಿದ್ದಾರೆ. ಈಗಿನ ಪಿಯಾನೋದಲ್ಲಿ ಹಾಗೆ ಮಾಡಿದರೆ ನಾಲ್ಕು ಸಾಲಿನೊಳಗೆ ಎಲ್ಲಾ ಕಲಸಿಹೋಗುತ್ತದೆ. ಅದಕ್ಕೇ ನಾವು ಮಕ್ಕಳಿಗೆ "ಸ್ವರಗುಚ್ಛ ಬದಲಾದಾಗ ಪೆಡಲ್ ಬಿಟ್ಟು ಒತ್ತು" ಅಂತ ಹೇಳಿಕೊಡುತ್ತೇವೆ. ಪುಟ್ಟಿ ಮೊಣಕಾಲನ್ನು ಒತ್ತಿ ಹಿಡಿದು ಇಡೀ ಭಾಗವನ್ನು ಬಿಡದೇ ನುಡಿಸಿದಳು. ಹೊಸ ಸ್ವರಗುಚ್ಛ ಬಂದಾಗ ಹಳೆಯದು ಒಂದು ಗಳಿಗೆ ಅದರ ಹಿಂದೆ ಇರುತ್ತದೆ, ಆಮೇಲೆ ಕರಗುತ್ತದೆ. ಕೆಸರಾಗಲಿಲ್ಲ. ತಂಬೂರಿ ಹಿಂದೆ ಇದ್ದಾಗ ಹಾಡು ಕೇಳುವುದು ನಮಗೆ ಅಭ್ಯಾಸ ತಾನೇ? ಕಿವಿ ಅದೇ ಥರ ಹೊಂದಿಕೊಂಡಿತು. ಅವತ್ತು ನಾನು ಅದನ್ನು ಮತ್ತೊಂದು ಸಲ ನುಡಿಸು ಅಂತ ಕೇಳಿಕೊಂಡೆ.

ತಂಬೂರಿ ಅಂದ ಮೇಲೆ ಶ್ರುತಿಯ ಮಾತು. ಮೇಷ್ಟ್ರು ಬೆಳಿಗ್ಗೆ ಏಳಕ್ಕೆಲ್ಲ ಶ್ರುತಿ ಮಾಡೋಕೆ ಕೂರುತ್ತಿದ್ದರು, ಬಿಸಿಲು ಏರುವ ಮುಂಚೆ. ಈಗಿನ ವಾದ್ಯಗಳಿಗೆ ಎ ಸ್ವರ 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ. ಇದಕ್ಕೆ ಅವರು 430 ಇಡುತ್ತಾರೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಸ್ವರಗಳ ನಡುವಿನ ಅಂತರದಲ್ಲಿ. ಒಂದು ಸ್ಥಾಯಿಯನ್ನು 1200 ಸೆಂಟ್ ಅಂತ ಭಾಗ ಮಾಡಿಕೊಂಡರೆ, ಈಗಿನ ಪಿಯಾನೋದಲ್ಲಿ ಷಡ್ಜದಿಂದ ಅಂತರ ಗಾಂಧಾರಕ್ಕೆ 400 ಸೆಂಟ್. ತಂಬೂರಿ ಶ್ರುತಿ ಚೆನ್ನಾಗಿ ಸೇರಿದಾಗ ಯಾರೂ ನುಡಿಸದೇ ತಾನಾಗಿ ಕೇಳಿಸುವ ಗಾಂಧಾರ ಇದೆಯಲ್ಲ, ಅದು 386. ವೀಣೆ ಬಿಟ್ಟು ಪಿಯಾನೋಗೆ ಕೂತಾಗೆಲ್ಲ ಗಾಂಧಾರ ಚುಚ್ಚುತ್ತದೆ ಅಂತ ನನಗೆ ಅನ್ನಿಸುತ್ತಿದ್ದದ್ದು ಈ 14 ಸೆಂಟಿಗೆ. ಮೇಷ್ಟ್ರು ಮಾಡುವ ಶ್ರುತಿಗೆ ವಲ್ಲೊಟ್ಟಿ ಅಂತ ಹೆಸರು. 18ನೇ ಶತಮಾನದ ಇಟಲಿಯ ಸಂಗೀತಗಾರರೊಬ್ಬರ ಹೆಸರು ಅದು. ಹನ್ನೆರಡು ಪಂಚಮಗಳಲ್ಲಿ ಆರನ್ನು ಶುದ್ಧವಾಗಿ ಇಟ್ಟು, ಇನ್ನಾರನ್ನು ಚೂರು ಕಿರಿದು ಮಾಡುತ್ತಾರೆ. ಹಾಗೆ ಮಾಡಿದರೆ ಸಿ ಸ್ವರವನ್ನು ಷಡ್ಜ ಮಾಡಿಕೊಂಡ ಸಿ ಮೇಜರ್‌ನ ಗಾಂಧಾರ 392ಕ್ಕೆ ಇಳಿಯುತ್ತದೆ. ಎಫ್ ಶಾರ್ಪ್ ಮೇಜರ್‌ನದ್ದು 408ಕ್ಕೆ ಏರುತ್ತದೆ. ಅಂದರೆ ಒಂದೊಂದು ಶ್ರುತಿಗೂ ಒಂದೊಂದು ಮುಖ. ಸಿ ಮೇಜರ್ ನೆಮ್ಮದಿ, ದೂರದ ಶ್ರುತಿಗಳಲ್ಲಿ ಒಂದು ಬಿಗಿ. ಈಗಿನ ಪಿಯಾನೋದಲ್ಲಿ ಎಲ್ಲವೂ ಒಂದೇ ಥರ, ಎತ್ತರ ಮಾತ್ರ ಬೇರೆ. ನನಗೆ ಮುಖ ಬೇರೆ ಬೇರೆ ಇರುವುದೇ ಇಷ್ಟ.

ಮೇ ತಿಂಗಳ ಮೈಸೂರು ಗೊತ್ತಲ್ಲ. ಮಧ್ಯಾಹ್ನ ಒಣ ಸೆಕೆ, ಸಾಯಂಕಾಲ ಗುಡುಗು ಮಳೆ. ಮರದ ಸೌಂಡ್‌ಬೋರ್ಡ್ (ತಂತಿಯ ನಾದವನ್ನು ದೊಡ್ಡದು ಮಾಡುವ ಹಲಗೆ) ತೇವ ಹೀರಿ ಉಬ್ಬುತ್ತದೆ, ತಂತಿ ಬಿಗಿಯಾಗಿ ಶ್ರುತಿ ಮೇಲೇರುತ್ತದೆ. ಬೆಳಿಗ್ಗೆ ಮಾಡಿದ ಕೆಲಸ ರಾತ್ರಿಗೆ ಹಾಳು. ನನಗೆ ಬೇಜಾರಾಗುತ್ತಿತ್ತು, ಮೇಷ್ಟ್ರಿಗೆ ಇಲ್ಲ. ಅವರು ಮೊಜಾರ್ಟ್ 1777ರ ಅಕ್ಟೋಬರಿನಲ್ಲಿ ಆಗ್ಸ್‌ಬರ್ಗ್‌ನಿಂದ ಅಪ್ಪನಿಗೆ ಬರೆದ ಕಾಗದದ ಕಥೆ ಹೇಳಿದರು. ಅಲ್ಲಿ ಯೋಹಾನ್ ಆಂಡ್ರಿಯಾಸ್ ಸ್ಟೈನ್ ಅನ್ನುವವರ ಪಿಯಾನೋಗಳನ್ನು ನೋಡಿ ಮೊಜಾರ್ಟ್ ಮನಸೋತಿದ್ದರು. ಸ್ಟೈನ್ ಸೌಂಡ್‌ಬೋರ್ಡ್ ಮಾಡಿದ ಮೇಲೆ ಅದನ್ನು ಬೇಕಂತಲೇ ಮಳೆ, ಬಿಸಿಲು, ಹಿಮಕ್ಕೆ ಹೊರಗೆ ಇಡುತ್ತಿದ್ದರಂತೆ. ಅದು ಬಿರುಕು ಬಿಟ್ಟರೆ ಖುಷಿ. ಬಿರುಕಿಗೆ ಮರದ ಚೂರು ತುಂಬಿ ಅಂಟು ಹಾಕಿದರೆ ಮುಂದೆ ಅದು ಯಾವ ಹವೆಗೂ ಜಗ್ಗುವುದಿಲ್ಲ ಅಂತ ಅವರ ಲೆಕ್ಕ. ಅಂಥ ಪಿಯಾನೋ ಆಗಿನ ದುಡ್ಡಿನಲ್ಲಿ 300 ಗುಲ್ಡನ್‌ಗಿಂತ ಕಡಿಮೆಗೆ ಸಿಗುವುದಿಲ್ಲ ಅಂತಲೂ ಮೊಜಾರ್ಟ್ ಬರೆದಿದ್ದಾರೆ.

ಸ್ಟೈನ್ ಮಗಳು ನಾನೆಟ್ ಆಗ 8 ವರ್ಷದ ಹುಡುಗಿ. ಮೊಜಾರ್ಟ್ ಅವಳ ನುಡಿಸಾಣಿಕೆಯನ್ನು ಅದೇ ತಿಂಗಳ ಇನ್ನೊಂದು ಕಾಗದದಲ್ಲಿ ಚೆನ್ನಾಗಿ ಟೀಕೆ ಮಾಡಿದ್ದಾರೆ. ಅದೇ ಹುಡುಗಿ ಅಪ್ಪನ ಕಸುಬು ಕಲಿತು, 1794ರಲ್ಲಿ ವಿಯೆನ್ನಾಕ್ಕೆ ಹೋಗಿ, ನಾನೆಟ್ ಸ್ಟ್ರೈಖರ್ ಅನ್ನುವ ಹೆಸರಲ್ಲಿ ಆ ಊರಿನ ದೊಡ್ಡ ಪಿಯಾನೋ ತಯಾರಕರಲ್ಲಿ ಒಬ್ಬರಾದರು. ಬೀಥೊವನ್ನರ ಮನೆವಾರ್ತೆಗೂ ನೆರವಾದರು. ನನ್ನ ಹತ್ತಿರ ಕಲಿಯುವ ಹೆಣ್ಣುಮಕ್ಕಳಿಗೆ ಇವರ ಕಥೆಯನ್ನು ನಾನು ಈಗ ತಪ್ಪದೇ ಹೇಳುತ್ತೇನೆ.

ಶಿಬಿರಕ್ಕೆ ಒಬ್ಬ ಕಾಲೇಜು ಹುಡುಗಿ ಬರುತ್ತಿದ್ದಳು. ವೀಣೆ ಮಾತ್ರ ಗೊತ್ತು, ಪಿಯಾನೋ ಮುಟ್ಟಿದವಳಲ್ಲ. ಅವಳನ್ನು ಮೇಷ್ಟ್ರು ಪಕ್ಕದ ಕೋಣೆಯ ಕ್ಲಾವಿಕಾರ್ಡ್ ಮುಂದೆ ಕೂರಿಸಿದರು. ಅದು ಪಿಯಾನೋಗಿಂತ ಹಳೆಯದು, ಮೇಜಿನ ಮೇಲೆ ಇಡುವಷ್ಟು ಸಣ್ಣದು. ಕೀಯ ತುದಿಯಲ್ಲಿರುವ ಹಿತ್ತಾಳೆಯ ತುಂಡು ತಂತಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಕೀ ಬಿಡುವ ತನಕ. ಬೆರಳನ್ನು ಇನ್ನೂ ಸ್ವಲ್ಪ ಒತ್ತಿದರೆ ತಂತಿ ಬಿಗಿದು ಸ್ವರ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಜರ್ಮನಿಯ ಸಂಗೀತಗಾರ ಬಾಖ್ ಅವರ ಮಗ ಸಿ.ಪಿ.ಇ. ಬಾಖ್ 1753ರ ತಮ್ಮ ಪುಸ್ತಕದಲ್ಲಿ ಈ ಕಂಪನದ ಬಗ್ಗೆ ಬರೆದಿದ್ದಾರೆ. ಹುಡುಗಿ ಒಂದು ಕೀ ಒತ್ತಿ, ಬೆರಳು ಅಲುಗಿಸಿ, ಮೇಷ್ಟ್ರ ಮುಖ ನೋಡಿದಳು. "ಸರ್, ಇದರಲ್ಲಿ ಗಮಕ ಬರುತ್ತೆ!" ಅಂದಳು. "ಪೂರ್ತಿ ಬರಲ್ಲ ಕಣಮ್ಮ, ಒಂದು ಚೂರು ಬರುತ್ತೆ" ಅಂದರು ಮೇಷ್ಟ್ರು. ಅವಳು ಮಧ್ಯಾಹ್ನದ ಊಟಕ್ಕೆ ಕರೆಯುವ ತನಕ ಅಲ್ಲಿಂದ ಏಳಲಿಲ್ಲ. ಮಾವಿನಕಾಯಿ ಚಿತ್ರಾನ್ನ ಆರಿಹೋಗಿತ್ತು.

ಮೈಸೂರಿಗೂ ಪಿಯಾನೋಗೂ ನಂಟು ಹಳೆಯದು. ಜಯಚಾಮರಾಜ ಒಡೆಯರ್ ಒಳ್ಳೆಯ ಪಿಯಾನೋ ವಾದಕರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ದುಡ್ಡು ಕೊಟ್ಟವರು. ಮೆಟ್ನರ್ ತಮ್ಮ 3ನೇ ಪಿಯಾನೋ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. ವೀಣೆ ಶೇಷಣ್ಣನವರೂ ಪಿಯಾನೋ ಮೇಲೆ ಕೈಯಾಡಿಸಿದವರು. ವೀಣೆಯ ಊರಿನಲ್ಲಿ ಮೊಜಾರ್ಟ್ ಕಾಲದ ಪಿಯಾನೋ ಕಲಿಯುವುದು ನನಗಂತೂ ವಿಚಿತ್ರ ಅನ್ನಿಸಲಿಲ್ಲ.

ಈಗ ಜೂನ್. ನನ್ನ ಕ್ಲಾಸುಗಳು ಮತ್ತೆ ಶುರುವಾಗಿವೆ. ನಮ್ಮ ಮನೆಯಲ್ಲಿರುವುದು ಅದೇ ಈಗಿನ ಪಿಯಾನೋ, ಮಕ್ಕಳ ಮನೆಗಳಲ್ಲಿ ಡಿಜಿಟಲ್. ಆದರೂ ಪಾಠ ಬದಲಾಗಿದೆ. ಮೊಜಾರ್ಟ್ ಶುರು ಮಾಡುವ ಮಕ್ಕಳಿಗೆ ಮೊದಲು ಆ ಪುಟ್ಟ ಗೆರೆಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಸಿ ಬಾಯಲ್ಲಿ ಹೇಳಿಸುತ್ತೇನೆ, ಆಮೇಲೆ ಕೀ ಮುಟ್ಟಿಸುತ್ತೇನೆ. ಪೆಡಲ್ ಇಲ್ಲದೇ ನುಡಿಸಿಸುತ್ತೇನೆ. ಡಿಜಿಟಲ್ ಇರುವವರು ಸೆಟ್ಟಿಂಗ್ ನೋಡಿ, ಎಷ್ಟೋ ಮಾದರಿಗಳಲ್ಲಿ ಹಳೇ ಶ್ರುತಿಗಳೂ ಇರುತ್ತವೆ, ಎ ಸ್ವರ ಇಳಿಸುವ ಅವಕಾಶವೂ ಇರುತ್ತದೆ. ಒಂದು ಸಲ ಹಾಗೆ ಇಟ್ಟು ಸಿ ಮೇಜರ್ ಸ್ವರಗುಚ್ಛ ಒತ್ತಿ ಹಿಡಿದು ಕೇಳಿ.

ಮುಂದಿನ ಬೇಸಿಗೆಗೂ ಶಿಬಿರ ಇಡುತ್ತಾರಂತೆ. ಗ್ರೇಡ್ ಸರ್ಟಿಫಿಕೇಟ್ ಬೇಡ. ಉಗುರು ಕತ್ತರಿಸಿಕೊಂಡು ಬರಬೇಕು. ಒಂದು ಕೃತಿಯನ್ನಾದರೂ ಚೆನ್ನಾಗಿ ಓದಿಕೊಂಡು ಬಂದರೆ ಒಳ್ಳೆಯದು. ಮಳೆ ಬಂದ ದಿನ ಶ್ರುತಿಗೆ ಹೊತ್ತು ಹಿಡಿಯುತ್ತದೆ, ಅವಸರ ಮಾಡಬಾರದು. ವೀಣೆ ನುಡಿಸುವವರು ಬಂದರೆ ಮೇಷ್ಟ್ರಿಗೆ ಜಾಸ್ತಿ ಖುಷಿ. ಬರಬೇಕು ಅನ್ನಿಸಿದರೆ ಯುಗಾದಿ ಹೊತ್ತಿಗೆ ನನಗೊಂದು ಮಾತು ತಿಳಿಸಿ, ಅವರಿಗೆ ಹೇಳಿಡುತ್ತೇನೆ.